ಬೇರೆ ಲೋಟ: ಉಪಾಧ್ಯಾಯರೊಬ್ಬರ ನೆನಪುಗಳು

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿದ್ದಾರೆ. ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅದರ ಅಂಗಗಳನ್ನು ಕತ್ತರಿಸುವುದು, ಶಕ್ತಿ ಮೀರಿದ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಇವೇ ಆ ಐದು. ಪಾಠಶಾಲೆಗಳಲ್ಲಿ ಇವನ್ನು ವಿವರಿಸುವಾಗ ಎತ್ತು, ಕುದುರೆ, ಹಸುಗಳ ನಿದರ್ಶನ ಕೊಡುವುದು ರೂಢಿ. ಗಾಡಿಗೆ ಹೆಚ್ಚು ಭಾರ ಹೇರಬಾರದು, ದನಗಳಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ತೋರಿಸಬೇಕು ಎಂದು ಹೇಳಿ ಪಾಠವನ್ನು ಮುಗಿಸುತ್ತಾರೆ. ಅದು ಸರಿಯಾದ ಪಾಠವೇ. ಆದರೆ ಸೂತ್ರವು ಪಶುಗಳನ್ನು ಮಾತ್ರ ಕುರಿತು ಹೊರಟದ್ದಲ್ಲ. ಆ ಐದನೆಯ ಅತಿಚಾರವು ಮನುಷ್ಯ ಮನುಷ್ಯರ ನಡುವೆ ಯಾವ ಯಾವ ರೂಪಗಳಲ್ಲಿ ನಡೆದುಬಂದಿದೆ ಎಂಬುದನ್ನು ಅರಿಯಬೇಕಾದರೆ, ಗ್ರಂಥಗಳ ಜೊತೆಗೆ ಅದನ್ನು ಅನುಭವಿಸಿದವರ ಮಾತನ್ನೂ ಕೇಳಬೇಕಾಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಾಡಿನಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಬಂಡೆಗಲ್ಲಿನ ಗುಡ್ಡಗಳು, ಕುರುಚಲು ಕಾವಲುಗಳು, ಮಳೆ ಬಂದರೆ ಬಂತು ಎನ್ನುವ ಶೇಂಗಾ ಹೊಲಗಳು ಇಲ್ಲಿನ ಚಿತ್ರ. ಚಳ್ಳಕೆರೆಯು ಎಣ್ಣೆ ಗಿರಣಿಗಳಿಗೂ ಕಂಬಳಿಗೂ ಹೆಸರಾದ ಊರು. ಮೊಳಕಾಲ್ಮೂರು ರೇಷ್ಮೆ ಸೀರೆಗೆ. ನೀರು ದುರ್ಲಭವಾದ ಇಂತಹ ನೆಲದಲ್ಲಿ ಯಾರಿಗೆ ಯಾರು ನೀರು ಕೊಡುತ್ತಾರೆ, ಹೇಗೆ ಕೊಡುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಈ ಸೀಮೆಯ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಜೀವನದ ಬಹುಭಾಗವನ್ನು ಈ ಒಂದು ಪ್ರಶ್ನೆಯೊಡನೆ ಕಳೆದವರು. ಊರವರಿಗೆಲ್ಲ ಅವರು ‘ಮೇಷ್ಟ್ರು’. ಸಭೆಗಳಲ್ಲಿ ಮಾತನಾಡುವಾಗ ಅವರು ಹೋರಾಟ ಎಂಬ ಶಬ್ದವನ್ನು ಅಪರೂಪವಾಗಿ ಬಳಸುತ್ತಾರೆ. ‘ಲೋಟದ ವಿಚಾರ’ ಎನ್ನುತ್ತಾರೆ.

ಅವರು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ, 1950ರ ದಶಕದ ಮೊದಲ ವರ್ಷಗಳಲ್ಲಿ. ಕೇರಿಯು ಊರಿನಿಂದ ಒಂದು ಹಳ್ಳದ ಆಚೆಗಿತ್ತು. ಊರ ಬಾವಿಯ ಬಳಿಗೆ ತಾಯಿ ಕೊಡ ಹಿಡಿದು ಹೋಗಿ ದೂರದಲ್ಲಿ ಕುಳಿತಿರುತ್ತಿದ್ದರು. ನೀರು ಸೇದುವವರಲ್ಲಿ ಯಾರಿಗಾದರೂ ಮನಸ್ಸಾದರೆ ಅವರು ಬಂದು ಮೇಲಿನಿಂದ ಕೊಡಕ್ಕೆ ಹೊಯ್ಯುತ್ತಿದ್ದರು. ಕೆಲವು ದಿನ ಬೇಗ ಮನಸ್ಸಾಗುತ್ತಿತ್ತು, ಕೆಲವು ದಿನ ಮಧ್ಯಾಹ್ನವಾಗುತ್ತಿತ್ತು. ಶಾಲೆಯಲ್ಲಿ ಮಡಕೆಯೊಂದಿತ್ತು. ಬೇರೆ ಮಕ್ಕಳು ತಾವೇ ಮೊಗೆದು ಕುಡಿಯುತ್ತಿದ್ದರು. ಕೇರಿಯ ಮಕ್ಕಳು ಬೊಗಸೆಯೊಡ್ಡಿ ನಿಲ್ಲಬೇಕಾಗಿತ್ತು. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಅದು ಹಾಗೆಯೇ ಇರುವಂಥದ್ದು ಎಂದು ಎಲ್ಲರೂ ತಿಳಿದಿದ್ದರು. ಆ ಮಕ್ಕಳೂ ಹಾಗೆಯೇ ತಿಳಿದಿದ್ದರು. “ಬಾಯಾರಿಕೆಯನ್ನು ತಡೆದುಕೊಳ್ಳುವುದನ್ನು ನಾವು ಅಕ್ಷರಕ್ಕಿಂತ ಮೊದಲು ಕಲಿತೆವು” ಎಂದು ಮೇಷ್ಟ್ರು ಹೇಳುವಾಗ ಅವರ ಧ್ವನಿಯಲ್ಲಿ ಕೋಪವಿರುವುದಿಲ್ಲ.

ಬಸ್ಸು ನಿಲ್ಲುವ ಕಡೆ ಚಹದ ಅಂಗಡಿ ಬಂದಾಗ ಅದೇ ಪದ್ಧತಿಯು ಅಲ್ಲಿಗೂ ಬಂತು. ಮೊದಲು ತೆಂಗಿನ ಚಿಪ್ಪು, ಅನಂತರ ಅಂಚು ಮುರಿದ ಗಾಜಿನ ಲೋಟ. ಅವು ಅಂಗಡಿಯ ಹೊರಗೆ, ಚಪ್ಪರದ ಗಳುವಿನ ಸಂದಿಯಲ್ಲಿ ಇರುತ್ತಿದ್ದವು. ಕೇರಿಯವನು ತನ್ನ ಲೋಟವನ್ನು ತಾನೇ ತೆಗೆದು, ತೊಳೆದು, ನೆಲದ ಮೇಲಿಟ್ಟು ದೂರ ಸರಿಯಬೇಕು. ಅಂಗಡಿಯವನು ಮೇಲಿನಿಂದ ಹೊಯ್ಯುತ್ತಾನೆ. ಕುಡಿದಾದ ಮೇಲೆ ಮತ್ತೆ ತೊಳೆದು ಅದೇ ಸಂದಿಯಲ್ಲಿ ಸಿಕ್ಕಿಸಬೇಕು. ಒಳಗೆ ಬೆಂಚಿನ ಮೇಲೆ ಕುಳಿತವನೂ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತವನೂ ಕೊಡುವ ಹಣ ಮಾತ್ರ ಒಂದೇ.

ಕಾನೂನು ಈ ವೇಳೆಗೆ ಬಹಳ ಮುಂದೆ ನಡೆದಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 15ನೆಯ ವಿಧಿಯ ಎರಡನೆಯ ಖಂಡವು ಅಂಗಡಿ, ಉಪಾಹಾರಗೃಹ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ, ಇಲ್ಲೆಲ್ಲ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಹೇಳಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದು ಇದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಮೇಷ್ಟ್ರು ಇವನ್ನೆಲ್ಲ ಓದಿದ್ದು ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ, ಪ್ರೌಢಶಾಲೆಯ ದಿನಗಳಲ್ಲಿ. ಓದಿದ ದಿನ ಅವರಿಗೆ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತಂತೆ. ತಾನು ಹುಟ್ಟುವುದಕ್ಕೆ ಮೊದಲೇ ದೇಶವು ಬಾವಿಯ ಹೆಸರು ಹೇಳಿ ಬರೆದಿಟ್ಟಿದ್ದ ಮಾತು, ಒಂದು ಹಳ್ಳವನ್ನು ದಾಟಿ ತನ್ನ ತಾಯಿಯ ಕೊಡದವರೆಗೆ ಬರಲು ಏಕೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆ ಆಗ ಅವರಲ್ಲಿ ಮೂಡಿತು.

1970ರ ದಶಕದಲ್ಲಿ ಕರ್ನಾಟಕದ ದಲಿತ ಯುವಕರಲ್ಲಿ ಹೊಸ ಎಚ್ಚರವೊಂದು ಉಂಟಾಯಿತು. ಅಂದು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಸಂಗಾತಿಗಳೊಡನೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಹಾಡು, ಬೀದಿ ನಾಟಕ, ಅಧ್ಯಯನ ಶಿಬಿರಗಳ ಮೂಲಕ ಅದರ ಮಾತು ಹಳ್ಳಿಗಳನ್ನು ತಲುಪಿತು. ಆಗ ತಾನೇ ಉಪಾಧ್ಯಾಯ ವೃತ್ತಿಗೆ ಸೇರಿದ್ದ ಮೇಷ್ಟ್ರು ರಜಾದಿನಗಳಲ್ಲಿ ಇಂತಹ ಶಿಬಿರಗಳಿಗೆ ಹೋಗುತ್ತಿದ್ದರು. ಅಲ್ಲಿಯೇ ಅವರು ಅಮೆರಿಕೆಯ ಕರಿಯರ ಹೋರಾಟದ ಕಥೆಯನ್ನು ಮೊದಲ ಬಾರಿಗೆ ಕೇಳಿದರು.

ಅಮೆರಿಕೆಯ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರಿಗೂ ಕರಿಯರಿಗೂ ಬಸ್ಸಿನಲ್ಲಿ ಬೇರೆ ಆಸನ, ಬೇರೆ ಶಾಲೆ, ಕುಡಿಯಲು ಬೇರೆ ನಲ್ಲಿ. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬಾಕೆ ಬಸ್ಸಿನಲ್ಲಿ ತಮ್ಮ ಆಸನವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆಕೆಯ ಬಂಧನವಾದ ಮೇಲೆ ಅಲ್ಲಿನ ಕರಿಯರು 381 ದಿನಗಳ ಕಾಲ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದರು; ಕೊನೆಗೆ ಬಸ್ಸಿನ ಭೇದ ಹೋಯಿತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಗೆ ಹೋಗಿ ಕೆಲವು ಸಾಮಾನುಗಳನ್ನು ಕೊಂಡು, ಅದೇ ಅಂಗಡಿಯ ಉಪಾಹಾರದ ಕಟ್ಟೆಯಲ್ಲಿ ಕುಳಿತು ಕಾಫಿ ಕೇಳಿದರು. ಸಾಮಾನು ಮಾರಿ ಅವರ ಹಣ ಪಡೆದ ಅಂಗಡಿಯು ಕಾಫಿ ಕೊಡಲು ಒಪ್ಪಲಿಲ್ಲ. ಅವರು ಅಂಗಡಿ ಮುಚ್ಚುವವರೆಗೆ ಸುಮ್ಮನೆ ಕುಳಿತರು. ಮರುದಿನ ಇನ್ನಷ್ಟು ಜನ ಬಂದು ಕುಳಿತರು. ಜುಲೈ ತಿಂಗಳಲ್ಲಿ ಆ ಕಟ್ಟೆ ಎಲ್ಲರಿಗೂ ತೆರೆಯಿತು. ಈ ಕಥೆಯನ್ನು ಕೇಳಿದಾಗ ಶಿಬಿರದಲ್ಲಿದ್ದವರಿಗೆ ಅದು ಪರದೇಶದ ಸುದ್ದಿಯೆನ್ನಿಸಲಿಲ್ಲ. ನಮ್ಮೂರಿನ ಬಸ್ ನಿಲ್ದಾಣದ ಸುದ್ದಿಯೆನ್ನಿಸಿತು ಎಂದು ಮೇಷ್ಟ್ರು ಹೇಳುತ್ತಾರೆ.

ಆ ದಶಕದ ಕೊನೆಯಲ್ಲಿ ಅವರೂ ಒಂಬತ್ತು ಮಂದಿ ಗೆಳೆಯರೂ ಸೇರಿ ತಮ್ಮ ಸೀಮೆಯ ಒಂದು ಚಹದ ಅಂಗಡಿಗೆ ಹೋಗಿ ಒಳಗಿನ ಬೆಂಚಿನ ಮೇಲೆ ಕುಳಿತರು. ಕೂಗಾಡಬಾರದು, ಯಾರು ಏನೆಂದರೂ ಎದುರು ಮಾತಾಡಬಾರದು, ಕೈಯೆತ್ತಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದರು. ಅಂಗಡಿಯವನು ಸ್ವಲ್ಪ ಹೊತ್ತು ಅವರನ್ನು ನೋಡಿ, “ಹಾಲು ಮುಗಿದೈತೆ” ಎಂದನು. ಹಾಲು ಒಲೆಯ ಮೇಲೆ ಕಾಯುತ್ತಿತ್ತು. “ಬರೋವರ್ಗೂ ಕಾಯ್ತೀವಿ ಬಿಡಣ್ಣ” ಎಂದು ಇವರು ಕುಳಿತರು. ಅವನು ಒಲೆಯ ಮೇಲೆ ನೀರು ಹೊಯ್ದು ಅಂಗಡಿ ಮುಚ್ಚಿದನು. ಮರುದಿನವೂ ಹಾಗೆಯೇ ಆಯಿತು. ಐದಾರು ದಿನಗಳಲ್ಲಿ ಊರಿನಲ್ಲಿ ಪಂಚಾಯಿತಿ ಸೇರಿತು.

ಅನಂತರ ಬಂದದ್ದು ಬಹಿಷ್ಕಾರ. ಕೇರಿಯವರನ್ನು ಶೇಂಗಾ ಕೀಳಲು ಯಾರೂ ಕರೆಯಕೂಡದು, ಹಿಟ್ಟಿನ ಗಿರಣಿಯಲ್ಲಿ ಅವರ ಜೋಳ ಬೀಸಕೂಡದು, ಊರಿನ ಅಂಗಡಿಗಳಲ್ಲಿ ಸಾಲ ಕೊಡಕೂಡದು ಎಂದು ತೀರ್ಮಾನವಾಯಿತು. ಯಾರ ಮೈಮೇಲೂ ಏಟು ಬೀಳಲಿಲ್ಲ. ಆದರೆ ಸುಗ್ಗಿಯ ಕೂಲಿಯನ್ನೇ ನಂಬಿದ್ದ ಮನೆಗಳಲ್ಲಿ ಒಲೆ ಹೊತ್ತುವುದು ಕಷ್ಟವಾಯಿತು. “ಬೆಂಚಿನ ಮೇಲೆ ಕುಳಿತದ್ದು ನಾವು ಹತ್ತು ಜನ, ಉಪವಾಸ ಬಿದ್ದದ್ದು ನಮ್ಮ ತಾಯಂದಿರು” ಎಂದು ಮೇಷ್ಟ್ರು ಹೇಳುತ್ತಾರೆ. ಹೋರಾಟದ ಕಥೆಗಳಲ್ಲಿ ಈ ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ ಎಂಬುದು ಅವರ ಕೊರಗು.

ಆ ದಿನಗಳಲ್ಲಿ ಪೇಟೆಯಲ್ಲಿದ್ದ ಜೈನ ವರ್ತಕರೊಬ್ಬರು ಕೇರಿಯ ಮನೆಗಳಿಗೆ ಮೂರು ವಾರಗಳ ಕಾಲ ಜೋಳ, ಬೇಳೆ, ಸೀಮೆಎಣ್ಣೆಗಳನ್ನು ಸಾಲವಾಗಿ ಕೊಟ್ಟರು. ಊರಿನ ಹಿರಿಯರು ಅವರಲ್ಲಿಗೆ ಹೋಗಿ ಸಾಲ ನಿಲ್ಲಿಸುವಂತೆ ಹೇಳಿದಾಗ, ಹಸಿದವರಿಗೆ ಕಾಳು ಇಲ್ಲವೆನ್ನುವುದು ತಮ್ಮ ಧರ್ಮಕ್ಕೆ ಒಪ್ಪದೆಂದು ಅವರು ಉತ್ತರ ಕೊಟ್ಟರಂತೆ. ಅದರಿಂದ ತಮ್ಮ ವ್ಯಾಪಾರಕ್ಕೆ ನಷ್ಟವಾಗುವುದೆಂದು ತಿಳಿದೇ ಕೊಟ್ಟ ಉತ್ತರ ಅದು. ಮೇಷ್ಟ್ರು ಈ ಉಪಕಾರವನ್ನು ಎಂದೂ ಮರೆತಿಲ್ಲ. ಪ್ರತಿಯೊಂದು ಸಭೆಯಲ್ಲಿಯೂ ಸ್ಮರಿಸುತ್ತಾರೆ. ಆದರೆ ಅದರೊಡನೆ ಇನ್ನೊಂದನ್ನೂ ಸ್ಮರಿಸುತ್ತಾರೆ. ಆ ವರ್ತಕರು ಕೇರಿಯವರಿಗೆ ಚಿಲ್ಲರೆಯನ್ನು ಎಂದೂ ಕೈಗೆ ಕೊಡುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದಿನ ಹಲಗೆಯ ಮೇಲೆ ಎಸೆಯುತ್ತಿದ್ದರು. ಬೇರೆಯವರಿಗೆ ಕೈಗೇ ಕೊಡುತ್ತಿದ್ದರು.

ಕೆಲವು ವರ್ಷಗಳ ಮೇಲೆ ಒಂದು ದಿನ ಮೇಷ್ಟ್ರು ಸಾಮಾನು ಕೊಂಡು, ಹಲಗೆಯ ಮೇಲಿನ ಚಿಲ್ಲರೆಯನ್ನು ಮುಟ್ಟದೆ ಅಂಗೈಯೊಡ್ಡಿ ನಿಂತರು. “ಸಾವ್ಕಾರ್ರೇ, ಬರಗಾಲದಾಗೆ ನಮ್ಮನ್ನ ನಂಬಿ ಸಾಲ ಕೊಟ್ರಿ. ಕೈಗೆ ಚಿಲ್ಲರೆ ಕೊಡೋಕೆ ಏನು ಅಡ್ಡಿ?” ಎಂದು ಮೆಲ್ಲಗೆ ಕೇಳಿದರು. ವರ್ತಕರು ಉತ್ತರಿಸಲಿಲ್ಲ, ಮುಖ ತಗ್ಗಿಸಿ ಲೆಕ್ಕದ ಪುಸ್ತಕ ನೋಡತೊಡಗಿದರು. ಮುಂದಿನ ವಾರ ಹೋದಾಗ ಅವರಾಗಿಯೇ ಚಿಲ್ಲರೆಯನ್ನು ಎಣಿಸಿ ಅಂಗೈಯಲ್ಲಿಟ್ಟರು. ಈ ಬಗ್ಗೆ ಅವರಿಬ್ಬರಲ್ಲಿ ಮತ್ತೆ ಮಾತು ನಡೆಯಲಿಲ್ಲ. ಅನ್ನವನ್ನು ತಡೆಯದಿದ್ದ ಧರ್ಮಾತ್ಮರಿಗೂ ಹಲಗೆಯ ಮೇಲೆ ಬಿದ್ದ ನಾಣ್ಯದ ಸದ್ದು ಅಲ್ಲಿಯವರೆಗೆ ಕೇಳಿಸಿರಲಿಲ್ಲವೆಂಬುದೇ ವಿಚಾರಮಾಡಬೇಕಾದ ಸಂಗತಿ. ಕ್ರೂರಿಗಳು ಮಾತ್ರ ಭೇದವನ್ನು ಕಾಪಾಡಿಕೊಂಡು ಬಂದಿದ್ದರೆ ಅದು ಇಷ್ಟು ಕಾಲ ಬಾಳುತ್ತಿರಲಿಲ್ಲ. ಕರುಣೆಯುಳ್ಳವರ ಅಭ್ಯಾಸದಲ್ಲಿ ಅದಕ್ಕೆ ನೆಲೆ ಸಿಕ್ಕಿತ್ತು.

ಚಹದ ಅಂಗಡಿಯ ಪ್ರಸಂಗವು ತಾಲ್ಲೂಕಿನ ಅಧಿಕಾರಿಗಳು ಬಂದು ಕಾನೂನನ್ನು ಓದಿ ಹೇಳಿದ ಮೇಲೆ ಒಂದು ಹದಕ್ಕೆ ಬಂತು. ಆದರೆ ಅಂಗಡಿಯ ಒಳಗೆ ಮೊದಲ ಲೋಟ ಚಹವನ್ನು ಕೊಡಿಸಿದ್ದು ಊರಿನ ಒಬ್ಬ ಮುದುಕ ರೈತ. ಆತ ಒಳಗೆ ಬಂದು ಯುವಕರ ನಡುವೆ ಕುಳಿತು, “ಇವ್ರಿಗೆ ಯಾವ ಲೋಟ್ದಾಗೆ ಕೊಡ್ತೀಯೋ ಅದ್ರಾಗೇ ನಂಗೂ ಕೊಡು” ಎಂದನಂತೆ. ಅಂಗಡಿಯವನು ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಹೊಯ್ದನು. ಅಧಿಕಾರಿಗಳ ಜೀಪು ಅಂಗಡಿಯ ಬಾಗಿಲನ್ನು ತೆರೆಸಿತು, ಮುದುಕನ ಮಾತು ಅಂಗಡಿಯವನ ಕೈಯನ್ನು ತೆರೆಸಿತು, ಎರಡೂ ಬೇಕಾಗಿದ್ದವು ಎಂಬುದು ಮೇಷ್ಟ್ರ ಅಭಿಪ್ರಾಯ.

ಈ ಮಾರ್ಗದ ವಂಶಾವಳಿಯನ್ನು ನೋಡಿದರೆ ಜೈನ ಓದುಗರಿಗೆ ಒಂದು ಸ್ವಾರಸ್ಯ ಕಾಣುತ್ತದೆ. 1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ವರ್ಣದ ಕಾರಣದಿಂದ ರೈಲಿನಿಂದ ಹೊರದೂಡಿಸಿಕೊಂಡ ಗಾಂಧೀಜಿಯವರು, ತಮ್ಮ ಧಾರ್ಮಿಕ ಸಂಶಯಗಳನ್ನು ಪತ್ರಮುಖೇನ ಕೇಳಿ ಪರಿಹರಿಸಿಕೊಂಡದ್ದು ಜೈನ ಸಾಧಕರಾದ ಶ್ರೀಮದ್ ರಾಜಚಂದ್ರರಿಂದ. ತಮ್ಮ ಮೇಲೆ ಆಳವಾದ ಪ್ರಭಾವ ಬೀರಿದ ಸಮಕಾಲೀನರಲ್ಲಿ ಟಾಲ್‌ಸ್ಟಾಯ್ ಮತ್ತು ರಸ್ಕಿನ್‌ರೊಡನೆ ಅವರ ಹೆಸರನ್ನು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿದ್ದಾರೆ. ಗಾಂಧೀಜಿಯ ಅಹಿಂಸಾಮಾರ್ಗವನ್ನು ಮಾಂಟ್‌ಗೊಮರಿಯಲ್ಲಿ ಅನುಸರಿಸಿದ ಮಾರ್ಟಿನ್ ಲೂಥರ್ ಕಿಂಗ್ 1959ರ ಫೆಬ್ರವರಿಯಲ್ಲಿ ಪತ್ನಿ ಕೊರೆಟ್ಟಾರೊಡನೆ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಸಂಚರಿಸಿದರು. ತಿರುವನಂತಪುರದ ಶಾಲೆಯೊಂದರಲ್ಲಿ ದಲಿತ ಮಕ್ಕಳ ಮುಂದೆ ಅವರನ್ನು ಅಮೆರಿಕೆಯಿಂದ ಬಂದ ಅಸ್ಪೃಶ್ಯ ಬಂಧುವೆಂದು ಪರಿಚಯಿಸಿದರಂತೆ. ಮೊದಲು ಮನಸ್ಸಿಗೆ ನೋವಾದರೂ, ಯೋಚಿಸಿದಾಗ ಆ ಮಾತು ನಿಜವೆಂದು ಹೊಳೆಯಿತೆಂದು ಕಿಂಗ್ 1965ರ ಒಂದು ಧರ್ಮೋಪದೇಶದಲ್ಲಿ ಹೇಳಿಕೊಂಡರು. ಹೀಗೆ ಅಹಿಂಸೆಯು ಈ ನೆಲದಿಂದ ಹೊರಟು ಸಮುದ್ರ ದಾಟಿ, ಮತ್ತೆ ಚಳ್ಳಕೆರೆ ಸೀಮೆಯ ಒಂದು ಬೆಂಚಿನ ಮೇಲೆ ಬಂದು ಕುಳಿತಿತು.

ಮುಂದೆ ಮೇಷ್ಟ್ರಿಗೆ ಮೊಳಕಾಲ್ಮೂರು ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಅವರು ಪ್ರತಿವರ್ಷ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ಯುತ್ತಿದ್ದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳನ್ನು ಅದು ಬೋಧಿಸುತ್ತದೆ. ಅದರೊಡನೆ ಒಂದು ಮುಖ್ಯವಾದ ಅಭಿಪ್ರಾಯವನ್ನೂ ಹೇಳುತ್ತದೆ: ಧರ್ಮದ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರಮಿಸಿದರೆ ಅದನ್ನು ಪಡೆಯಬಲ್ಲನು. ಮಕ್ಕಳನ್ನು ಬಂಡೆಯ ಸುತ್ತ ಕೂರಿಸಿ ಮೇಷ್ಟ್ರು ಈ ಭಾಗವನ್ನು ಎರಡು ಸಲ ವಿವರಿಸುತ್ತಿದ್ದರು. ಆಮೇಲೆ ತಂದ ಬುತ್ತಿಗಳನ್ನೆಲ್ಲ ಒಂದೆಡೆ ಬಿಚ್ಚಿಸಿ, ಒಂದೇ ತಂಬಿಗೆಯಿಂದ ಎಲ್ಲ ಮಕ್ಕಳಿಗೂ ನೀರು ಕೊಡುತ್ತಿದ್ದರು. ಮೊದಲ ವರ್ಷ ಇಬ್ಬರು ಮೂವರು ಮಕ್ಕಳು ಬುತ್ತಿಯನ್ನು ಎತ್ತಿಕೊಂಡು ದೂರ ಹೋಗಿ ಕುಳಿತರು. ಅವರು ಆ ಮಕ್ಕಳನ್ನು ಗದರಿಸಲಿಲ್ಲ. ನಾಲ್ಕನೆಯ ವರ್ಷಕ್ಕೆ ಯಾರೂ ಎದ್ದುಹೋಗಲಿಲ್ಲ.

ಜೈನಾಗಮಗಳಲ್ಲಿಯೂ ಪುರಾಣಗಳಲ್ಲಿಯೂ ಈ ವಿಷಯಕ್ಕೆ ಆಧಾರಗಳ ಕೊರತೆಯಿಲ್ಲ. ಉತ್ತರಾಧ್ಯಯನ ಸೂತ್ರದಲ್ಲಿ ಬರುವ ಹರಿಕೇಶಬಲ ಮುನಿಯು ಚಾಂಡಾಲ ಕುಲದಲ್ಲಿ ಹುಟ್ಟಿದವನು. ಯಜ್ಞಶಾಲೆಗೆ ಭಿಕ್ಷೆಗೆ ಹೋದಾಗ ಅವನನ್ನು ಅಲ್ಲಿನವರು ಹೀಯಾಳಿಸಿ ಹೊಡೆದು ಅಟ್ಟಲೆತ್ನಿಸಿದರು, ಕೊನೆಗೆ ಅವನ ತಪಸ್ಸಿಗೆ ತಲೆಬಾಗಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವುಳ್ಳ ಚಾಂಡಾಲನನ್ನು ಬೂದಿ ಮುಚ್ಚಿದ ಕೆಂಡಕ್ಕೆ ಹೋಲಿಸಿ ದೇವಸಮಾನನೆಂದು ಎಣಿಸಿದ್ದಾರೆ. ಅದೇ ಗ್ರಂಥದಲ್ಲಿ ಅಹಿಂಸಾಣುವ್ರತಕ್ಕೆ ಅವರು ಆರಿಸಿಕೊಂಡ ಆದರ್ಶಪುರುಷನು ರಾಜನಲ್ಲ, ಶ್ರೇಷ್ಠಿಯಲ್ಲ, ಯಮಪಾಲನೆಂಬ ಚಾಂಡಾಲ. ಚತುರ್ದಶಿಯಂದು ಕೊಲ್ಲೆನೆಂಬ ವ್ರತಕ್ಕಾಗಿ ರಾಜಾಜ್ಞೆಯನ್ನೂ ಮೀರಿದವನು ಅವನು. ಕನ್ನಡದ ಆದಿಕವಿ ಪಂಪನು ಆದಿಪುರಾಣದಲ್ಲಿ ಮನುಕುಲವು ಒಂದೇ ಎಂದು ಸಾರಿ ಸಾವಿರ ವರ್ಷಗಳು ಕಳೆದಿವೆ.

ಇಷ್ಟಿದ್ದರೂ ಇತಿಹಾಸವು ಸರಳವಾಗಿಲ್ಲ. 1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯಿದೆಯು ಜೈನ ಮಂದಿರಗಳಿಗೂ ಅನ್ವಯಿಸುವುದೇ ಎಂಬ ವಿವಾದ ಎದ್ದಾಗ, ಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು ಅನ್ನಾಹಾರವನ್ನು ತ್ಯಜಿಸಿದರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಇತರ ಹಿಂದೂಗಳಿಗೆ ಜೈನ ಮಂದಿರದಲ್ಲಿ ಇಲ್ಲದ ಹಕ್ಕು ಆ ಕಾಯಿದೆಯಿಂದ ಹರಿಜನರಿಗೂ ಬರುವುದಿಲ್ಲವೆಂದು ತೀರ್ಪಿತ್ತಿತು. ಜೈನಧರ್ಮದ ಸ್ವತಂತ್ರ ಅಸ್ತಿತ್ವವೇ ಅಂದಿನ ವಾದದ ತಿರುಳೆಂದು ಸಮಾಜದ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿಗೆ ತೂಕವಿದೆ. ಆದರೆ ಹೊರಗೆ ನಿಂತವನಿಗೆ ತತ್ತ್ವದ ವಾದ ಕೇಳಿಸುವುದಿಲ್ಲ, ಮುಚ್ಚಿದ ಬಾಗಿಲು ಮಾತ್ರ ಕಾಣುತ್ತದೆ. ಅನಂತರ ಬಂದ 1955ರ ಕಾಯಿದೆಯು ದೇವಾಲಯ ಪ್ರವೇಶದ ಉದ್ದೇಶಕ್ಕೆ ಜೈನರನ್ನೂ ಹಿಂದೂಗಳೆಂದೇ ಪರಿಗಣಿಸತಕ್ಕದ್ದೆಂದು ವಿವರಣೆಯಲ್ಲಿ ಸ್ಪಷ್ಟಪಡಿಸಿದೆ. 1976ರಲ್ಲಿ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರು ಪಡೆದ ಅದು ಇಂದಿಗೂ ಜಾರಿಯಲ್ಲಿದೆ. ಅದರ ಜೊತೆಗೆ 1989ರ ದೌರ್ಜನ್ಯ ತಡೆ ಕಾಯಿದೆಯೂ ಇದೆ. ಟ್ರಸ್ಟುಗಳ ಪದಾಧಿಕಾರಿಗಳು ಇವೆರಡನ್ನೂ ಒಮ್ಮೆ ಓದಿಕೊಳ್ಳುವುದು ಒಳಿತು.

ಗಾಜಿನ ಬೇರೆ ಲೋಟಗಳು ಆ ಸೀಮೆಯ ಬಹುತೇಕ ಅಂಗಡಿಗಳಿಂದ ಈಗ ಹೋಗಿವೆ. ಅವುಗಳ ಜಾಗಕ್ಕೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ಕಾಗದದ ಲೋಟಗಳು ಬಂದಿವೆ. ಎಲ್ಲರಿಗೂ ಕಾಗದದ ಲೋಟ ಕೊಡುವ ಅಂಗಡಿಯ ಬಗ್ಗೆ ಮೇಷ್ಟ್ರಿಗೆ ಆಕ್ಷೇಪವಿಲ್ಲ. ಕೆಲವರಿಗೆ ಸ್ಟೀಲಿನ ಲೋಟ, ಕೆಲವರಿಗೆ ಮಾತ್ರ ಕಾಗದದ ಲೋಟ ಕೊಡುವ ಅಂಗಡಿಯನ್ನು ಕಂಡರೆ, ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿಯೂ ಅವರು ಒಳಗೆ ಹೋಗಿ ಸ್ಟೀಲಿನ ಲೋಟವನ್ನೇ ಕೇಳುತ್ತಾರೆ. ಹಿಂದಿನ ಲೋಟವನ್ನು ತೊಳೆದಿಡುತ್ತಿದ್ದುದರಿಂದ ಭೇದವು ಕಣ್ಣಿಗೆ ಕಾಣುತ್ತಿತ್ತು, ಈಗಿನ ಭೇದವನ್ನು ಕುಡಿದ ಕೂಡಲೇ ಬುಟ್ಟಿಗೆ ಎಸೆಯುವುದರಿಂದ ಸಾಕ್ಷಿ ಉಳಿಯುವುದಿಲ್ಲ ಎಂದು ಅವರು ನಗುತ್ತ ಹೇಳುತ್ತಾರೆ.

ಜೈನ ಕುಟುಂಬಗಳಲ್ಲಿ ನೀರನ್ನು ಸೋಸಿ ಕುಡಿಯುವ ನಿಯಮವು ಇಂದಿಗೂ ಶ್ರದ್ಧೆಯಿಂದ ನಡೆಯುತ್ತಿದೆ. ಕಣ್ಣಿಗೆ ಕಾಣದ ಜೀವಿಗೂ ನೋವಾಗಬಾರದೆಂಬ ಎಚ್ಚರ ಅದರ ಹಿಂದಿದೆ. ಅಂತಹ ಸೂಕ್ಷ್ಮ ಎಚ್ಚರವುಳ್ಳವರಿಗೆ, ಎದುರಿನಲ್ಲಿ ಬಾಯಾರಿ ನಿಂತ ಮನುಷ್ಯನ ನೋವನ್ನು ಕಾಣುವುದು ಕಷ್ಟವಾಗಬಾರದು. ಅನ್ನಪಾನವನ್ನು ಕೊಡದಿರುವುದು ಅತಿಚಾರವಾದರೆ, ಸ್ವೀಕರಿಸುವವನು ತಲೆತಗ್ಗಿಸುವಂತೆ ಕೊಡುವುದೂ ಅದರ ನೆರೆಯದೇ.

ಬೇಸಗೆ ಬಂದಾಗ ಅನೇಕ ಟ್ರಸ್ಟುಗಳು ಬಸ್ ನಿಲ್ದಾಣ, ಸಂತೆ ಬೀದಿಗಳಲ್ಲಿ ಅರವಟ್ಟಿಗೆಗಳನ್ನು ಇಡುತ್ತವೆ. ಅದು ಪುಣ್ಯಕಾರ್ಯ. ಅದನ್ನು ಏರ್ಪಡಿಸುವವರು ಮಡಕೆಯ ಗಾತ್ರವನ್ನೂ ದಾನಿಗಳ ಫಲಕವನ್ನೂ ಗೊತ್ತುಮಾಡುವಾಗ ಇನ್ನು ಮೂರು ಸಂಗತಿಗಳನ್ನೂ ಗೊತ್ತುಮಾಡಬಹುದು. ಬಂದವರೆಲ್ಲರೂ ತಾವೇ ಮೊಗೆದು ಕುಡಿಯುವಂತಿರಲಿ, ಇಲ್ಲವೇ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಕೈಗೇ ಕೊಡುವಂತಿರಲಿ. ನೀರು ಕೊಡಲು ನಿಲ್ಲುವವರಲ್ಲಿ ಕೇರಿಯ ಒಬ್ಬ ಹುಡುಗನೂ ಇರಲಿ. ಪರ್ವದ ದಿನ ಅನ್ನದಾನ ನಡೆದರೆ ಪಂಕ್ತಿ ಒಂದೇ ಇರಲಿ, ಬಡಿಸುವವರು ಎಲ್ಲ ಎಲೆಗೂ ಒಂದೇ ಎತ್ತರದಿಂದ ಬಡಿಸಲಿ. ಇದಕ್ಕೆ ಹೆಚ್ಚಿನ ಹಣವೂ ಬೇಡ, ಹೊಸ ಠರಾವೂ ಬೇಡ. ವ್ಯವಸ್ಥಾಪಕರು ಒಂದು ದಿನ ತಾವೇ ಅರವಟ್ಟಿಗೆಯ ಬಳಿ ನಿಂತು ಯಾರು ಹೇಗೆ ಕುಡಿಯುತ್ತಾರೆಂಬುದನ್ನು ನೋಡಿದರೆ ಸಾಕು.